ನ್ಯುಮೋನಿಯಾ ನಂತರವೂ ಏದುಸಿರು: ವಪೆಯ ಕಡೆಗೂ ಗಮನವಿರಲಿ

ನ್ಯುಮೋನಿಯಾಕ್ಕೆ ಚಿಕಿತ್ಸೆ ಪಡೆದ ಮಗುವಿನ ಜ್ವರ ಇಳಿದಿರುತ್ತದೆ, ಕೆಮ್ಮು ತಗ್ಗಿರುತ್ತದೆ. ಏದುಸಿರು ಮಾತ್ರ ನಿಲ್ಲುವುದಿಲ್ಲ. ಆಮ್ಲಜನಕ ತೆಗೆದೊಡನೆ ಮಗು ಮತ್ತೆ ಬಳಲುತ್ತದೆ. ಸೋಂಕು ಇನ್ನೂ ಉಳಿದಿದೆ ಎಂಬ ಶಂಕೆ ಮೂಡುವುದು ಸಹಜ. ಆದರೆ ಅಪರೂಪಕ್ಕೊಮ್ಮೆ ದೋಷವಿರುವುದು ಶ್ವಾಸಕೋಶದಲ್ಲಲ್ಲ, ಅದರ ಕೆಳಗಿನ ವಪೆಯಲ್ಲಿ.

ಡಯಾಫ್ರಂ ಎಂದು ವೈದ್ಯರು ಕರೆಯುವ ವಪೆಯು ಎದೆಗೂಡು ಹಾಗೂ ಹೊಟ್ಟೆಯನ್ನು ಬೇರ್ಪಡಿಸುವ ಗುಮ್ಮಟದಾಕಾರದ ಸ್ನಾಯು. ಉಸಿರೆಳೆದುಕೊಂಡಾಗ ಇದು ಕೆಳಗಿಳಿದು ಶ್ವಾಸಕೋಶ ಹಿಗ್ಗಲು ಎಡೆ ಮಾಡಿಕೊಡುತ್ತದೆ. ಇದನ್ನು ನಿಯಂತ್ರಿಸುವ ಎರಡು ಫ್ರೆನಿಕ್ ನರಗಳು ಕತ್ತಿನ 3, 4 ಮತ್ತು 5ನೇ ನರಮೂಲಗಳಿಂದ ಹೊರಟು, ಹೃದಯ ಮತ್ತು ಶ್ವಾಸಕೋಶಗಳ ನಡುವೆ ಹಾದು ವಪೆಯನ್ನು ತಲುಪುತ್ತವೆ. ಹೀಗಾಗಿ ಶ್ವಾಸಕೋಶದ ಉರಿಯೂತವಾಗಲಿ, ಅದರ ಹೊದಿಕೆಯಲ್ಲಿ ತುಂಬಿದ ಕೀವಾಗಲಿ ನರವನ್ನು ಬಾಧಿಸಬಲ್ಲದು. ಆಗ ಆ ಬದಿಯ ವಪೆ ನಿಶ್ಚಲವಾಗುತ್ತದೆ. ಲಕ್ವವೆಂದರೆ ಮಿದುಳಿನ ಆಘಾತವೇ ನೆನಪಾಗುತ್ತದೆ. ಇಲ್ಲಿ ಮಿದುಳಿಗೆ ಏನೂ ಆಗಿರುವುದಿಲ್ಲ.

ಮಕ್ಕಳಲ್ಲಿ ಈ ತೊಂದರೆಗೆ ಹೃದಯ ಶಸ್ತ್ರಚಿಕಿತ್ಸೆ ಮತ್ತು ಹೆರಿಗೆ ವೇಳೆಯ ಪೆಟ್ಟು ಹೆಚ್ಚು ಪರಿಚಿತ ಕಾರಣಗಳು. ಸೋಂಕಿನಿಂದ ಬರುವುದು ವಿರಳ. ವಿರಳವಾದ್ದರಿಂದಲೇ ಕಣ್ತಪ್ಪುವ ಸಂಭವ ಅಧಿಕ.

ದೊಡ್ಡ ಮಕ್ಕಳು ಒಂದು ಬದಿಯ ವಪೆ ಸೋತರೂ ಹೇಗೋ ನಿಭಾಯಿಸುತ್ತಾರೆ. ಹಸುಳೆಗಳ ಸ್ಥಿತಿ ಬೇರೆ. ಅವರ ಪಕ್ಕೆಲುಬುಗಳು ಮೃದುವಾಗಿದ್ದು ಅಡ್ಡಕ್ಕೆ ಚಾಚಿಕೊಂಡಿರುತ್ತವೆ, ಪಕ್ಕೆಲುಬುಗಳ ನಡುವಿನ ಸ್ನಾಯುಗಳು ದುರ್ಬಲ. ಉಸಿರಾಟದ ಭಾರವೆಲ್ಲ ವಪೆಯ ಮೇಲೆಯೇ. ಉಸಿರೆಳೆದಾಗ ಉಬ್ಬಬೇಕಾದ ಹೊಟ್ಟೆಯ ಮೇಲ್ಭಾಗ ಒಳಕ್ಕೆ ಸೇದಿಕೊಳ್ಳುವುದು, ಹಾಲು ಕುಡಿಯುವಾಗ ದಣಿಯುವುದು, ಒಂದೇ ಭಾಗದ ಶ್ವಾಸಕೋಶ ಪದೇ ಪದೇ ಕುಸಿಯುವುದು ಎಚ್ಚರಿಕೆಯ ಲಕ್ಷಣಗಳು.

ಎಕ್ಸ್-ರೇಯಲ್ಲಿ ಒಂದು ಬದಿಯ ವಪೆ ಮೇಲೇರಿದ್ದು ಕಾಣಬಹುದು. ಆದರೆ ಬಲಭಾಗ ಆರೋಗ್ಯವಂತರಲ್ಲೂ ತುಸು ಮೇಲಿರುತ್ತದೆ. ಮಗು ವೆಂಟಿಲೇಟರ್‌ನಲ್ಲಿದ್ದರೆ ಯಂತ್ರದ ಒತ್ತಡವೇ ವಪೆಯನ್ನು ಕೆಳಗೆ ತಳ್ಳಿ ದೋಷವನ್ನು ಮರೆಮಾಚುತ್ತದೆ. ಯಂತ್ರ ತೆಗೆದಾಗಲಷ್ಟೇ ನಿಜಸ್ಥಿತಿ ಬಯಲಾಗುತ್ತದೆ. ಆದ್ದರಿಂದ ಮಗು ಸ್ವಂತವಾಗಿ ಉಸಿರಾಡುವಾಗ ಅಲ್ಟ್ರಾಸೌಂಡ್ ಮೂಲಕ ವಪೆಯ ಚಲನೆಯನ್ನು ವೀಕ್ಷಿಸುವುದು ಸೂಕ್ತ. ಹಾಸಿಗೆಯ ಬಳಿಯೇ ಮಾಡಬಹುದಾದ ಈ ಪರೀಕ್ಷೆಗೆ ವಿಕಿರಣದ ಭಯವಿಲ್ಲ. ಸೋತ ಭಾಗ ಚಲಿಸುವುದೇ ಇಲ್ಲ, ಇಲ್ಲವೇ ಉಸಿರೆಳೆದಾಗ ಕೆಳಗಿಳಿಯುವ ಬದಲು ಮೇಲೇರುತ್ತದೆ.

ಸೋಂಕಿಗೆ ಪೂರ್ಣ ಚಿಕಿತ್ಸೆ ನೀಡುವುದು, ಕೀವಿದ್ದರೆ ಹೊರತೆಗೆಯುವುದು ಮೊದಲ ಹೆಜ್ಜೆ. ನರ ತುಂಡಾಗದೆ ಕೇವಲ ಬಾಧಿತವಾಗಿದ್ದರೆ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಚೇತರಿಸಿಕೊಳ್ಳುವ ಸಾಧ್ಯತೆಯಿದೆ. ಅಲ್ಲಿಯವರೆಗೆ ಆಮ್ಲಜನಕ, ಉಸಿರಾಟದ ಆಸರೆ ಹಾಗೂ ಸಮರ್ಪಕ ಪೋಷಣೆ ಬೇಕು. ವೆಂಟಿಲೇಟರ್ ಬಿಡಿಸಲಾಗದಿದ್ದರೆ ಅಥವಾ ಸೋಂಕು ಮರುಕಳಿಸುತ್ತಿದ್ದರೆ ಪ್ಲಿಕೇಶನ್ ಎಂಬ ಶಸ್ತ್ರಚಿಕಿತ್ಸೆ ಮಾಡಲಾಗುತ್ತದೆ. ಇದರಲ್ಲಿ ಸಡಿಲಗೊಂಡ ವಪೆಯನ್ನು ನೆರಿಗೆ ಹಿಡಿದು ಹೊಲಿದು ಬಿಗಿಗೊಳಿಸುತ್ತಾರೆ. ನರ ಇದರಿಂದ ಗುಣವಾಗದು. ಆದರೆ ವಪೆ ಮೇಲಕ್ಕೆ ಸರಿಯುವುದು ನಿಂತು, ಶ್ವಾಸಕೋಶಕ್ಕೆ ಹಿಗ್ಗಲು ಜಾಗ ದೊರೆಯುತ್ತದೆ.