ಗಿಟಾರ್ ವಯರಿನ ಉದ್ದ ಮತ್ತು ನಾದ: ರಸಮಂಜರಿ ವೇದಿಕೆಗೊಂದು ಟಿಪ್ಪಣಿ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ಗಣೇಶೋತ್ಸವವೋ ರಾಜ್ಯೋತ್ಸವವೋ ಬಂತೆಂದರೆ ರಸಮಂಜರಿಗೆ ವೇದಿಕೆ ಏಳುತ್ತದೆ. ಎಲೆಕ್ಟ್ರಿಕ್ ಗಿಟಾರಿಗೆ ಉದ್ದ ವಯರ್ ಹಾಕಿದರೆ ನಾದ ಮಂಕಾಗುತ್ತದೆ ಎಂದು ವಾದಕರು ದೂರುವುದುಂಟು. ದೂರು ನಿಜ. ಆದರೆ ತಾಮ್ರದ ತಂತಿಯ ರೋಧವೇ ಇದಕ್ಕೆ ಕಾರಣವೆಂಬ ವಿವರಣೆ ನಿಲ್ಲುವುದಿಲ್ಲ. 10 ಮೀಟರ್ ವಯರಿನ ರೋಧ ಒಂದೆರಡು ಓಮ್ ಇದ್ದರೆ ಹೆಚ್ಚು. ತಂತಿಗಳ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ಪಿನ ಸುರುಳಿಯದೇ 6,000 ಓಮ್ ಆಸುಪಾಸು.

ಕಾರಣ ಬೇರೆ. ನಡುವಿನ ತಂತಿ, ಅದನ್ನು ಸುತ್ತಿದ ಲೋಹದ ಜಾಲರಿ, ಇವೆರಡರ ಮಧ್ಯೆ ಪ್ಲಾಸ್ಟಿಕ್ ಇರುವುದರಿಂದ ಇಡೀ ಕೇಬಲ್ಲೇ ಒಂದು ಕೆಪ್ಯಾಸಿಟರ್. ಸಾಮಾನ್ಯ ಕೇಬಲ್ಲಿನ ಕೆಪ್ಯಾಸಿಟೆನ್ಸ್ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್. ಪಿಕಪ್ಪಿನ ಸುರುಳಿ ಇದರೊಡನೆ ಸೇರಿ ಒಂದು ಆವೃತ್ತಿಯಲ್ಲಿ ಅನುರಣಿಸುತ್ತದೆ. ಅದರ ಇಂಡಕ್ಟೆನ್ಸ್ 2.5 ಹೆನ್ರಿ, ಸುರುಳಿಯ ಸ್ವಂತ ಕೆಪ್ಯಾಸಿಟೆನ್ಸ್ 100 ಪಿಕೋಫ್ಯಾರಡ್ ಎಂದು ಹಿಡಿದರೆ, 3 ಮೀಟರ್ ವಯರಿಗೆ ಅನುರಣನದ ಶಿಖರ 5,000 ಹರ್ಟ್ಸ್ ಬಳಿ ನಿಲ್ಲುತ್ತದೆ, 10 ಮೀಟರಿಗೆ 3,000ಕ್ಕೆ ಇಳಿಯುತ್ತದೆ. ಶಿಖರದಾಚೆಗಿನದೆಲ್ಲ ಬೇಗನೆ ಕ್ಷೀಣಿಸುತ್ತದೆ. ಗಿಟಾರಿನ ಅತಿ ಎತ್ತರದ ಸ್ವರದ ಮೂಲ ಆವೃತ್ತಿಯೂ 1,300 ಹರ್ಟ್ಸ್ ಆಸುಪಾಸಿನದು. ಹಾಗಾಗಿ ಸ್ವರಕ್ಕೇನೂ ಆಗದು, ಅದರ ಹೊಳಪು ಮಾತ್ರ ಹೋಗುತ್ತದೆ. ವಾಲ್ಯೂಮ್ ಗುಂಡಿ ಅರ್ಧಕ್ಕಿಳಿಸಿದರೆ ನಷ್ಟ ಇನ್ನೂ ಎದ್ದು ಕಾಣುತ್ತದೆ. ಇದು ಯಾವಾಗಲೂ ದೋಷವೇ ಎನ್ನಲಾರೆ. ಜಿಮಿ ಹೆಂಡ್ರಿಕ್ಸ್ ಬಳಸುತ್ತಿದ್ದುದು ಸುರುಳಿ ಕೇಬಲ್. ಬಿಚ್ಚಿ ಅಳೆದರೆ ಅದು ಕಾಣುವುದಕ್ಕಿಂತ ಎಷ್ಟೋ ಉದ್ದ.

ಉದ್ದ ಎಷ್ಟು ಎಂಬುದಕ್ಕಿಂತ ಆ ಉದ್ದ ಎಲ್ಲಿದೆ ಎಂಬುದು ಮುಖ್ಯ. ಗಿಟಾರಿನಿಂದ ಚಿಕ್ಕ ವಯರಿನಲ್ಲಿ ಸಂಕೇತವನ್ನು ಕಡಿಮೆ ರೋಧದ ಹೊರಹರಿವಾಗಿ ಬದಲಿಸುವ ಆಕ್ಟಿವ್ ಡಿಐ ಬಾಕ್ಸಿಗೆ ಬಂದು, ಅಲ್ಲಿಂದ 150 ಓಮಿನ ಹೊರಹರಿವು ಜನರ ನಡುವಿನ ಮಿಕ್ಸರಿಗೆ 50 ಮೀಟರ್ ಸಾಗಿದರೂ ಕಡಿತ ಶುರುವಾಗುವುದು 2 ಲಕ್ಷ ಹರ್ಟ್ಸ್‌ನ ಆಚೆ. ಮನುಷ್ಯರ ಕಿವಿಯ ಮಿತಿ 20,000.

ಗಿಟಾರಿನ ಈ ನಿಯಮವನ್ನು ವೀಣೆಗೆ ಹಾಗೆಯೇ ಒಯ್ಯುವಂತಿಲ್ಲ. ಗುರುಪೂರ್ಣಿಮೆಗೆ ಚಿಂತಾಮಣಿ ತಾಲ್ಲೂಕಿನ ಕೈವಾರದ ಯೋಗಿ ನಾರೇಯಣ ಮಠದಲ್ಲಿ ನಡೆಯುವಂಥ ಸಂಗೀತೋತ್ಸವಗಳಲ್ಲಿ ವೀಣೆಗೆ ಪೀಜೋ ಪಿಕಪ್ ಅಂಟಿಸಿದರೆ ಲೆಕ್ಕವೇ ಬದಲಾಗುತ್ತದೆ. ಪೀಜೋ ತಾನೇ ಒಂದು ಕೆಪ್ಯಾಸಿಟರ್. ಅದು 1,000 ಪಿಕೋಫ್ಯಾರಡ್‌ನದಾಗಿದ್ದು 10 ಮೀಟರ್ ಕೇಬಲ್ ಸೇರಿದರೆ ಸಂಕೇತವೇ ಅರ್ಧವಾಗುತ್ತದೆ, ಮಂದ್ರ ತಾರಗಳೆಂಬ ಭೇದವಿಲ್ಲದೆ. ಅಲ್ಲಿ ಟ್ರೆಬಲ್ ತಿರುಗಿಸಿ ಫಲವಿಲ್ಲ. ಗೇನ್ ಏರಿಸಬೇಕು, ಇಲ್ಲವೇ ವಾದ್ಯದ ಪಕ್ಕದಲ್ಲೇ ಪ್ರೀಆಂಪ್ ಇಡಬೇಕು.