ಕುವೈತ್: ಆಡಳಿತ ಮತ್ತು ಅರ್ಥವ್ಯವಸ್ಥೆ

ಕುವೈತ್ ಪರ್ಷಿಯನ್ ಕೊಲ್ಲಿಯ ವಾಯವ್ಯ ತುದಿಯಲ್ಲಿ, ಇರಾಕ್ ಮತ್ತು ಸೌದಿ ಅರೇಬಿಯಗಳಿಗೆ ಅಂಟಿಕೊಂಡಿರುವ ಪುಟ್ಟ ಅರಬ್ ದೇಶ. ಹದಿನೆಂಟನೆಯ ಶತಮಾನದಿಂದ ಇದನ್ನು ಆಳುತ್ತಿರುವುದು ಅಲ್ ಸಬಾ ಮನೆತನ. ಬ್ರಿಟನ್ನಿನ ರಕ್ಷಣೆಯಲ್ಲಿದ್ದ ಕುವೈತ್ 1961ರ ಜೂನ್‌ನಲ್ಲಿ ಸ್ವತಂತ್ರವಾಯಿತು. ಮರುವರ್ಷ ಲಿಖಿತ ಸಂವಿಧಾನ ಪ್ರಕಟವಾಯಿತು.

ದೇಶದ ಮುಖ್ಯಸ್ಥ ಅಮೀರ್. ಆ ಪದವಿ ಮುಬಾರಕ್ ಅಲ್ ಸಬಾನ ವಂಶಜರಿಗೇ ಸಲ್ಲಬೇಕೆಂದು ಸಂವಿಧಾನ ಹೇಳುತ್ತದೆ. ಪ್ರಧಾನಿಯನ್ನು ನೇಮಿಸುವವನೂ ಅವನೇ. ಆದರೆ ಅದೇ ಸಂವಿಧಾನ 50 ಚುನಾಯಿತ ಸದಸ್ಯರ ರಾಷ್ಟ್ರೀಯ ಸಭೆಯನ್ನೂ ಸ್ಥಾಪಿಸಿತು. ಮಂತ್ರಿಗಳನ್ನು ಸಭೆಗೆ ಕರೆಸಿ ಪ್ರಶ್ನಿಸುವ, ಅವಿಶ್ವಾಸ ಸೂಚಿಸಿ ಇಳಿಸುವ ಅಧಿಕಾರ ಅದಕ್ಕಿತ್ತು. ಕೊಲ್ಲಿಯ ಅರಸೊತ್ತಿಗೆಗಳಲ್ಲಿ ಇದು ಅಪರೂಪ. ರಾಜಕೀಯ ಪಕ್ಷಗಳಿಗೆ ಕಾನೂನಿನ ಮಾನ್ಯತೆ ಇಲ್ಲವಾದ್ದರಿಂದ ಚರ್ಚೆಯೆಲ್ಲ ದಿವಾನಿಯಾಗಳಲ್ಲಿ, ಅಂದರೆ ಮನೆಗಳ ಬೈಠಕ್‌ಖಾನೆಗಳಲ್ಲಿ, ಕುದುರುತ್ತದೆ. ಮಹಿಳೆಯರಿಗೆ ಮತದಾನದ ಹಕ್ಕು ದೊರೆತದ್ದು 2005ರಲ್ಲಿ. 2009ರಲ್ಲಿ ನಾಲ್ವರು ಆರಿಸಿ ಬಂದರು. ಅರಮನೆಗೂ ಸಭೆಗೂ ಹೊಂದಾಣಿಕೆ ಮಾತ್ರ ಎಂದೂ ಸಲೀಸಾಗಿರಲಿಲ್ಲ. 1976ರಲ್ಲಿ ಮತ್ತು 1986ರಲ್ಲಿ ಸಭೆ ವರ್ಷಗಟ್ಟಲೆ ಬರಖಾಸ್ತಾಗಿತ್ತು. 2024ರ ಮೇ ತಿಂಗಳಲ್ಲಿ ಅಮೀರ್ ಮಿಶಾಲ್ ಅಲ್ ಅಹ್ಮದ್ ಅದನ್ನು ವಿಸರ್ಜಿಸಿ, ಸಂವಿಧಾನದ ಕೆಲವು ವಿಧಿಗಳನ್ನು ನಾಲ್ಕು ವರ್ಷ ಮೀರದ ಅವಧಿಗೆ ಅಮಾನತಿನಲ್ಲಿಟ್ಟರು.

ಹಿಂದೆ ಮುತ್ತು ಹೆಕ್ಕುವುದು, ಹಡಗು ಕಟ್ಟುವುದು, ಮುಂಬಯಿಯೊಡನೆ ಸಮುದ್ರ ವ್ಯಾಪಾರ ನಡೆಸುವುದು ಕುವೈತಿಗಳ ಜೀವನಾಧಾರವಾಗಿತ್ತು. ಭಾರತದ ರಿಸರ್ವ್ ಬ್ಯಾಂಕ್ ಹೊರಡಿಸಿದ ಗಲ್ಫ್ ರೂಪಾಯಿ ಇಲ್ಲಿ 1961ರವರೆಗೆ ಚಲಾವಣೆಯಲ್ಲಿತ್ತು. ಅದರ ಜಾಗಕ್ಕೆ ಬಂದ ದಿನಾರ್ ಇಂದು ಜಗತ್ತಿನ ಅತಿ ಹೆಚ್ಚು ಬೆಲೆಯ ನಾಣ್ಯ. 1938ರಲ್ಲಿ ಬುರ್ಗಾನ್‌ನಲ್ಲಿ ಎಣ್ಣೆ ಸಿಕ್ಕಿತು, 1946ರಲ್ಲಿ ರಫ್ತು ಆರಂಭವಾಯಿತು. 1975ರಲ್ಲಿ ಕುವೈತ್ ಆಯಿಲ್ ಕಂಪನಿ ಪೂರ್ತಿಯಾಗಿ ಸರ್ಕಾರದ ಕೈಸೇರಿತು. ಅಂದಿನಿಂದ ಬೊಕ್ಕಸ ತುಂಬುತ್ತಿರುವುದು ತೆರಿಗೆಯಿಂದಲ್ಲ, ಎಣ್ಣೆಯ ಮಾರಾಟದಿಂದ. ನಾಗರಿಕರಿಗೆ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ. ಹೆಚ್ಚಿನವರಿಗೆ ಸರ್ಕಾರಿ ನೌಕರಿ, ಎಲ್ಲರಿಗೂ ಉಚಿತ ಶಿಕ್ಷಣ.

ಈ ಸಂಪತ್ತನ್ನು ಮುಂದಿನವರಿಗೆ ಉಳಿಸಿಡುವ ಯೋಚನೆ ಕುವೈತ್‌ಗೆ ಬೇಗ ಬಂದದ್ದು ಮೆಚ್ಚತಕ್ಕ ಸಂಗತಿ. ಎಣ್ಣೆಯ ಹಣವನ್ನು ಹೊರದೇಶಗಳಲ್ಲಿ ತೊಡಗಿಸಲು 1953ರಲ್ಲೇ ಲಂಡನ್ನಿನಲ್ಲಿ ಹೂಡಿಕೆ ಮಂಡಲಿ ಆರಂಭವಾಯಿತು. 1976ರಲ್ಲಿ ಭವಿಷ್ಯದ ತಲೆಮಾರುಗಳ ನಿಧಿ ಹುಟ್ಟಿತು. ಸರ್ಕಾರದ ಆದಾಯದಲ್ಲಿ ಶೇ. 10ರಷ್ಟನ್ನು ಅದಕ್ಕೆ ಎತ್ತಿಡುವ ಕಟ್ಟಳೆಯಾಯಿತು. 1990ರ ಆಗಸ್ಟ್ 2ರಂದು ಇರಾಕ್ ನುಗ್ಗಿ ದೇಶವನ್ನೇ ಕಬಳಿಸಿದಾಗ, ದೇಶಭ್ರಷ್ಟ ಸರ್ಕಾರವನ್ನು ನಡೆಸಿದ್ದು, ಆಮೇಲೆ ಪುನರ್ನಿರ್ಮಾಣಕ್ಕೆ ಒದಗಿದ್ದು ವಿದೇಶದಲ್ಲಿದ್ದ ಈ ಉಳಿತಾಯವೇ. ಇರಾಕಿ ಸೇನೆ ಹಿಮ್ಮೆಟ್ಟುವಾಗ ಬೆಂಕಿ ಹಚ್ಚಿದ 600ಕ್ಕೂ ಹೆಚ್ಚು ಎಣ್ಣೆ ಬಾವಿಗಳು ಪೂರ್ತಿ ಆರಿದ್ದು 1991ರ ನವೆಂಬರ್‌ನಲ್ಲಿ.

ಎಣ್ಣೆಯ ಹೊರತು ಬೇರೆ ಉತ್ಪಾದನೆ ಇನ್ನೂ ತೆಳುವಾಗಿದೆ. ಕುಡಿಯುವ ನೀರನ್ನು ಸಮುದ್ರದ ಉಪ್ಪು ತೆಗೆದು ಪಡೆಯಬೇಕು, ಆಹಾರದ ಬಹುಪಾಲನ್ನು ಆಮದು ಮಾಡಬೇಕು. ಖಾಸಗಿ ವಲಯದ ದುಡಿಮೆ ನಿಂತಿರುವುದು ವಲಸಿಗರ ಮೇಲೆ. ಅವರಲ್ಲಿ ಭಾರತೀಯರದೇ ದೊಡ್ಡ ಸಮುದಾಯ. ಕರ್ನಾಟಕದ ಕರಾವಳಿಯಿಂದ ಹೋದವರೂ ಅದರಲ್ಲಿದ್ದಾರೆ.