ಪಳೆಯುಳಿಕೆ ಮತ್ತು ಗತಕಾಲದ ವಾಯುಗುಣ: ವಾಲ್ಪಾರೈ ಪ್ರದೇಶ

ವಾಲ್ಪಾರೈ ತಮಿಳುನಾಡಿನ ಕೊಯಮತ್ತೂರು ಜಿಲ್ಲೆಯ ಆನೆಮಲೆ ಶ್ರೇಣಿಯಲ್ಲಿ, ಸುಮಾರು 1,100 ಮೀಟರ್ ಎತ್ತರದಲ್ಲಿರುವ ಚಹಾ ತೋಟಗಳ ಊರು. ಇಲ್ಲಿನ ಗಟ್ಟಿ ಬಂಡೆಗಳಲ್ಲಿ ಪಳೆಯುಳಿಕೆ ಸಿಗುವುದಿಲ್ಲ. ಚಾರ್ನೊಕೈಟ್ ಮತ್ತು ನೈಸ್ ಶಿಲೆಗಳು ಭೂಮಿಯ ಆಳದಲ್ಲಿ ಬೆಂದು ರೂಪಾಂತರಗೊಂಡವು. ಆ ಶಾಖಕ್ಕೆ ಜೀವದ ಗುರುತು ಉಳಿಯದು. ಇದಕ್ಕೆ ಕಲ್ಲಿನ ವಯಸ್ಸು ಕಾರಣವಲ್ಲ. ಚಿತ್ರದುರ್ಗ ಜಿಲ್ಲೆಯ ಮಾರಿಕಣಿವೆ ಸುತ್ತಲಿನ ಶಿಲೆಗಳಲ್ಲಿ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮ್ಯಾಟೊಲೈಟ್‌ಗಳಿವೆ. 250 ಕೋಟಿ ವರ್ಷಕ್ಕೂ ಹಳೆಯವಾದರೂ ಬರಿಗಣ್ಣಿಗೆ ಕಾಣುತ್ತವೆ. ಆ ಕಲ್ಲು ಅಷ್ಟಾಗಿ ಬೇಯಲಿಲ್ಲ.

ಹೀಗಾಗಿ ಆನೆಮಲೆಯ ಕಾಡಿನ ಪೂರ್ವಚರಿತ್ರೆಗೆ ಬೆಟ್ಟ ಇಳಿದು ಪೂರ್ವ ಕರಾವಳಿಯತ್ತ ಹೋಗಬೇಕು. ವಿಲ್ಲುಪುರಂ ಜಿಲ್ಲೆಯ ತಿರುವಕ್ಕರೈಯಲ್ಲಿ ಸುಮಾರು 2 ಕೋಟಿ ವರ್ಷ ಹಿಂದಿನ ಮರದ ದಿಮ್ಮಿಗಳು ಕಲ್ಲಾಗಿ ಬಿದ್ದಿವೆ. ಫ್ರೆಂಚ್ ನಿಸರ್ಗತಜ್ಞ ಪಿಯೆರ್ ಸೊನೆರಾ 18ನೆಯ ಶತಮಾನದಲ್ಲೇ ಇವುಗಳ ಬಗ್ಗೆ ಬರೆದಿದ್ದ. ಸಿಲಿಕಾ ಸೇರಿದ ನೀರು ಒಂದೊಂದೇ ಕೋಶದೊಳಗೆ ಇಳಿದು ಗಟ್ಟಿಯಾದದ್ದರಿಂದ, ದಿಮ್ಮಿಯ ಚೂರನ್ನು ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದಡಿ ಇಟ್ಟರೆ ನೀರು ಸಾಗಿಸುವ ನಾಳಗಳೂ ರಾಳದ ನಾಳಗಳೂ ಬಿಡಿಬಿಡಿಯಾಗಿ ತೋರುತ್ತವೆ. ಈ ರಾಳನಾಳಗಳ ಜೋಡಣೆ ನೋಡಿಯೇ ಸಾಲುಧೂಪದ ಕುಟುಂಬವಾದ ಡಿಪ್ಟೆರೊಕಾರ್ಪೇಸಿಯ ಮರಗಳನ್ನು ಇಲ್ಲಿ ಗುರುತಿಸಿರುವುದು. ಸಾಲುಧೂಪ ಇಂದು ಹೆಚ್ಚು ಮಳೆ ಬೀಳುವ ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನ ಮರ. ತಿರುವಕ್ಕರೈ ಈಗ ಒಣ ಬಯಲು. ಆದರೆ ದಿಮ್ಮಿಗಳಿಗೆ ಕೊಂಬೆಯೂ ಇಲ್ಲ, ಬೇರೂ ಇಲ್ಲ. ಅವು ಪ್ರವಾಹದಲ್ಲಿ ತೇಲಿಬಂದವು. ಹಾಗಾಗಿ ಆ ತೇವದ ಕಾಡು ಅದೇ ಜಾಗದಲ್ಲಿತ್ತೆನ್ನುವುದಕ್ಕಿಂತ, ನದಿಯ ಮೇಲ್ಭಾಗದಲ್ಲೆಲ್ಲೋ ಇತ್ತೆನ್ನುವುದೇ ಸರಿ.

ಇತ್ತೀಚಿನ ಅಧ್ಯಾಯ ನೀಲಗಿರಿಯದು. ಊಟಿ ಸಮೀಪದ ಸ್ಯಾಂಡಿನಲ್ಲ ಕಣಿವೆಯ ಜೌಗಿನಲ್ಲಿ ಕೊಳೆತೂ ಕೊಳೆಯದ ಸಸ್ಯಾವಶೇಷ, ಅಂದರೆ ಪೀಟ್, ಪದರಗಟ್ಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ಅದರಲ್ಲಿನ ಇಂಗಾಲ-13ರ ಪ್ರಮಾಣವನ್ನು ಅಳೆದು 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಣಹವೆಗೆ ಹೊಂದಿದ ಸಿ4 ಎಂಬ ಬಗೆಯ ಹುಲ್ಲುಗಳಲ್ಲಿ ಇಂಗಾಲ-13 ಹೆಚ್ಚು, ಮರಗಳಲ್ಲಿ ಕಡಿಮೆ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದ ಉತ್ತುಂಗದಲ್ಲಿ, ಮುಂಗಾರು ಸೊರಗಿ ಇಂಥ ಹುಲ್ಲು ಹಬ್ಬಿತ್ತು. ವಾತಾವರಣದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಿದ್ದುದೂ ಅದಕ್ಕೆ ಅನುಕೂಲವಾಗಿತ್ತು. ಸುಮಾರು 10,000 ವರ್ಷಗಳ ಹಿಂದೆ ಮಳೆ ಹೆಚ್ಚಿತು. ಸುಮಾರು 5,000 ವರ್ಷಗಳ ಹಿಂದೆ ಹವೆ ಮತ್ತೆ ಒಣಗಿತು.

ವಾಲ್ಪಾರೈ ಮೇಲಿನ ಗ್ರಾಸ್ ಹಿಲ್ಸ್‌ನಲ್ಲೂ ನೀಲಗಿರಿಯಂತೆಯೇ ಶೋಲಾ ಎಂಬ ಕಣಿವೆಯ ಕಾಡು ಮತ್ತು ಹುಲ್ಲುಗಾವಲು ಒಂದರ ಪಕ್ಕ ಒಂದಿವೆ. ಮನುಷ್ಯ ಕಾಡು ಕಡಿದು ಸುಟ್ಟದ್ದರಿಂದಲೇ ಇಂಥ ಹುಲ್ಲುಗಾವಲು ಹುಟ್ಟಿತೆಂಬ ವಾದ ಬಹುಕಾಲ ಚಾಲ್ತಿಯಲ್ಲಿತ್ತು. ನೀಲಗಿರಿಯ ಪೀಟ್ ಈ ವಾದವನ್ನು ಸಡಿಲಗೊಳಿಸಿತು: ಅಲ್ಲಿ ಹುಲ್ಲು ಬೇಸಾಯಕ್ಕಿಂತ ಸಾವಿರಾರು ವರ್ಷ ಹಳೆಯದು.